ಹಿತ್ತಲ ಗೇಟಿನ ಗಿರಾಕಿ

ನನ್ನ ಅಳಿಯ ಮರ ಹತ್ತುತ್ತಾನೆ. ಅದೇ ಅವನ ಹೊಟ್ಟೆಪಾಡು. ಮೊದಮೊದಲು ಇದರ ಬಗ್ಗೆ ನಾನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಕೆದಕಿ ಕೇಳಿದರೆ "ಸ್ವಂತ ಬಿಸಿನೆಸ್ಸು" ಎಂದು ಮಾತು ತೇಲಿಸಿಬಿಡುತ್ತಿದ್ದೆ. ಎದುರಿಗೆ ಅವನನ್ನು ಬಹುವಚನದಲ್ಲಿ ಮಾತನಾಡಿಸುತ್ತೇನೆ, ಬರೆಯುವಾಗ ಏಕವಚನ. ಅಳಿಯ ಎಂಬ ಪ್ರಾಣಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಕೊಟ್ಟರೆ ಅಜೀರ್ಣವಾಗುತ್ತದೆ ಎಂಬುದು ನನ್ನ ಅಭಿಪ್ರಾಯ, ಅದನ್ನು ಬದಲಾಯಿಸಿಕೊಳ್ಳುವ ಉದ್ದೇಶವೂ ನನಗಿಲ್ಲ.

ಮದುವೆಗೆ ಮುಂಚೆ ಅವನು ಎತ್ತರದ ಕಟ್ಟಡಗಳ ಗಾಜು ಒರೆಸುತ್ತಿದ್ದ. "ಹುಡುಗ ಏನ್ ಮಾಡ್ತಾನೆ?" ಎಂದು ಮಗಳನ್ನು ಕೇಳಿದ್ದಕ್ಕೆ "ಹಗ್ಗದಲ್ಲಿ ನೇತಾಡ್ತಾನಮ್ಮ" ಎಂದಿದ್ದಳು. ಆ ದಿನ ನನಗೆ ಊಟ ಸೇರಲಿಲ್ಲ. ಆಮೇಲೆ ಯಾವುದೋ ಕಟ್ಟಡದ ಮ್ಯಾನೇಜರು, ಕಿಟಕಿಗೆ ಉಜ್ಜುತ್ತಿದ್ದ ಒಂದು ಕೊಂಬೆಯನ್ನೂ ಹಾಗೇ ತೆಗೆದುಬಿಡಿ ಎಂದನಂತೆ. ತೆಗೆದ. ಗಾಜಿಗಿಂತ ಮರವೇ ವಾಸಿ ಅನ್ನಿಸಿತಂತೆ. ಗಾಜಿನ ಒಳಗಿನಿಂದ ಜನ ಕಣ್ಣು ಬಿಟ್ಟುಕೊಂಡು ನೋಡುತ್ತಾರೆ, ಮರದ ಒಳಗಿನಿಂದ ಯಾರೂ ನೋಡುವುದಿಲ್ಲ ಎಂಬುದು ಅವನು ಕೊಟ್ಟ ಕಾರಣ. ಅಷ್ಟು ನಾಚಿಕೆಯ ಮನುಷ್ಯ.

ಹೀಗೆ ಶುರುವಾದ ಬಿಸಿನೆಸ್ಸು ಇದು. ಒಣಗಿದ ಕೊಂಬೆ ತೆಗೆಯುವುದು, ಭಾರ ಹೆಚ್ಚಾದ ಮರವನ್ನು ಹಗುರ ಮಾಡುವುದು, ಸೀಳಿದ ಕವಲನ್ನು ಬಿಗಿದು ಕಟ್ಟುವುದು, ಉಳಿಸಲಾಗದ ಮರವನ್ನು ತುಂಡು ತುಂಡಾಗಿ ಇಳಿಸುವುದು. ಅಳಿಯ ಮೇಲೆ ಇರುತ್ತಾನೆ. ಮಗಳು ಪಿಕಪ್ ಗಾಡಿ ಓಡಿಸುತ್ತಾಳೆ, ಬಿದ್ದ ಕೊಂಬೆಗಳನ್ನು ಪುಡಿ ಮಾಡುವ ಮಷೀನಿಗೆ ತುರುಕುತ್ತಾಳೆ. ಕೆಳಗೆ ನಿಂತು ಹಗ್ಗ ಹಿಡಿಯುವವನು ಒಬ್ಬ ಗುಂಡಗಿನ ಮನುಷ್ಯ. ಕತ್ತರಿಸಿದ ಕೊಂಬೆಯನ್ನು ಹಗ್ಗದಲ್ಲಿ ಇಳಿಬಿಡುವಾಗ ಅವನು ಅದಕ್ಕೆ "ಮೆತ್ತಗೆ, ಮೆತ್ತಗೆ" ಎಂದು ಪುಸಲಾಯಿಸುತ್ತಾನೆ. ಕೊಂಬೆ ಕೇಳುತ್ತದೋ ಇಲ್ಲವೋ, ಬೀದಿಯವರೆಲ್ಲ ಕೇಳಿ ಅವನಿಗೆ ಮೆತ್ತಗಣ್ಣ ಎಂದು ಹೆಸರಿಟ್ಟರು. ಇನ್ನು ಫೋನು ನನ್ನದು.

ಫೋನಿನ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ನಾನು ಸರ್ವೀಸು ಪೂರ್ತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಳೆದವಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನವರ ಜಗಳ, ಪ್ರೇಮ, ಸಾವಿನ ಸುದ್ದಿ ಎಲ್ಲವನ್ನೂ ಜೋಡಿಸಿಕೊಟ್ಟಿದ್ದೇನೆ. 'ಹಲೋ' ಅನ್ನುವಷ್ಟರಲ್ಲಿ ಆ ಕಡೆಯವರ ಬಣ್ಣ ನನಗೆ ಗೊತ್ತಾಗಿಬಿಡುತ್ತದೆ. ಮರದ ಗಿರಾಕಿಗಳು ಶುರು ಮಾಡುವುದು ಒಂದೇ ರೀತಿ: "ಒಂದು ಸಣ್ಣ ಕೊಂಬೆ ಅಷ್ಟೇ ಅಮ್ಮ, ಐದು ನಿಮಿಷದ ಕೆಲಸ." ಐದು ನಿಮಿಷದ ಕೆಲಸವಾದರೆ ನೀನೇ ಮಾಡಿಕೊಳ್ಳಪ್ಪ ಎಂದು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಂಡು, "ಮರಾನ ತಬ್ಬಿಕೊಂಡರೆ ಎರಡೂ ಕೈ ಸೇರುತ್ತಾ?" ಎಂದು ಕೇಳುತ್ತೇನೆ. ಒಮ್ಮೆ ಒಬ್ಬ ಮಹಾಶಯರು ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ತಬ್ಬಿಯೇಬಿಟ್ಟರು. ಫೋನು ಜಾರಿ ಬಿತ್ತು. ಮರದ ಗೂಡಿನ ಇರುವೆಗಳು ಅಂಗಿಯೊಳಗೆ ಹೊಕ್ಕವು. ಅವರು ಇರುವೆಗಳಿಗೆ ಹೇಳಿದ ಮಾತುಗಳನ್ನೆಲ್ಲ ನಾನು ಕೇಳಿಸಿಕೊಂಡು, ಕೊನೆಗೆ "ಸೇರಲ್ಲ ಅಂತ ಬರ್ಕೊಳ್ಲಾ?" ಎಂದೆ.

ಗಿರಾಕಿಗಳಲ್ಲಿ ನನಗೆ ಮೈ ಉರಿಯುವುದು ಒಂದು ಜಾತಿಯವರನ್ನು ಕಂಡರೆ. ಅಳಿಯನನ್ನು ಕರೆಸುತ್ತಾರೆ, ಮರ ತೋರಿಸುತ್ತಾರೆ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ, ಆಮೇಲೆ "ಮನೇಲಿ ಕೇಳಿ ಹೇಳ್ತೀನಿ" ಎಂದು ಗೇಟು ಹಾಕಿಕೊಳ್ಳುತ್ತಾರೆ. ಅವರ ಮನೆಯಲ್ಲಿ ಯಾರು ಯಾರನ್ನು ಕೇಳುತ್ತಾರೋ ದೇವರೇ ಬಲ್ಲ, ಉತ್ತರ ಮಾತ್ರ ಬರುವುದಿಲ್ಲ.

ಅಳಿಯನ ಕೆಲಸದ ಪದ್ಧತಿಯನ್ನು ನಾನು ಮಗಳ ಬಾಯಿಂದ ಕೇಳಿದ್ದೇನೆ. ಮೊದಲು ಮರದ ಸುತ್ತ ಒಂದು ಸುತ್ತು ಬರುತ್ತಾನೆ. ಮರದ ಕೊಡತಿಯಿಂದ ಬುಡಕ್ಕೆ ತಟ್ಟಿ ಸದ್ದು ಕೇಳುತ್ತಾನೆ. ಆಮೇಲೆ ಕಾಂಡದ ಮೇಲೆ ಅಂಗೈ ಇಟ್ಟು, ಗಿರಾಕಿಯ ಮುಖ ನೋಡಿ, ಇದ್ದದ್ದನ್ನು ಇದ್ದ ಹಾಗೆ ಒಂದು ಸಲ ಹೇಳುತ್ತಾನೆ. ಬೆಣ್ಣೆ ಹಚ್ಚುವುದಿಲ್ಲ, ಹೆದರಿಸುವುದೂ ಇಲ್ಲ. ಮಗ ಹುಟ್ಟಿದಾಗ ನೆಟ್ಟ ಮರ ಎಂದು ಕಣ್ಣೀರು ಹಾಕಿದವರಿಗೂ, "ಇದು ಸತ್ತು ಎರಡು ಮಳೆಗಾಲ ಆಯ್ತಮ್ಮ, ನಿಂತಿದೆ ಅಷ್ಟೇ" ಎಂದು ಹೇಳಿದವನು. ಮರದ ಮೇಲೆ ಕೈ ಇದ್ದಾಗ ಸುಳ್ಳು ಬರಲ್ಲ ಎನ್ನುತ್ತಾನಂತೆ.

ಮನೆಯೊಳಗೆ ಬಂದರೆ ಇದೇ ಮನುಷ್ಯನ ಬಾಯಿಗೆ ಬೀಗ. ಅದರಲ್ಲೂ ನಾನು ಎದುರಿಗಿದ್ದರೆ ಕೀಲಿಕೈಯೂ ಕಳೆದುಹೋಗುತ್ತದೆ. ನಾನು ಏನು ಕೇಳಿದರೂ "ಹ್ಞೂ ಅತ್ತೆ." ಪಲ್ಯಕ್ಕೆ ಖಾರ ಜಾಸ್ತಿಯಾಯಿತೇ? "ಹ್ಞೂ ಅತ್ತೆ." ಕಡಿಮೆಯಾಯಿತೇ? "ಹ್ಞೂ ಅತ್ತೆ." ಅವನ ಹುಟ್ಟಿದ ದಿನಕ್ಕೆ ಅಂಗಡಿ ಅಂಗಡಿ ಸುತ್ತಿ ಒಂದು ಹಳದಿ ಹೆಲ್ಮೆಟ್ಟು ತಂದುಕೊಟ್ಟೆ. ಅಂದಿನಿಂದ ಅದನ್ನೇ ಹಾಕಿಕೊಳ್ಳುತ್ತಿದ್ದ. ಸಂಜೆ ಬರುವಾಗ ಹಣೆಯ ಸುತ್ತ ಒಂದು ಕೆಂಪು ಗೆರೆ ಇರುತ್ತಿತ್ತು. ಪಾಪ, ಬಿಸಿಲಿನ ಕೆಲಸ ಎಂದುಕೊಳ್ಳುತ್ತಿದ್ದೆ.

ಈಗ ನನ್ನ ರೂಮಿನ ವಿಷಯಕ್ಕೆ ಬರಬೇಕು. ಎಲ್ಲ ರಾಮಾಯಣವೂ ಅದರಿಂದಲೇ.

ಇವರ ಮನೆಗೆ ಬಂದು ಇರುವುದೆಂದು ಆದಾಗ ನಾನೊಂದು ಷರತ್ತು ಹಾಕಿದೆ. ಹಿತ್ತಲಿನಲ್ಲಿ ನನ್ನದೇ ಖರ್ಚಿನಲ್ಲಿ ನನಗೊಂದು ರೂಮು. ಮೇಲೆ ಶೀಟಿನ ಮಾಡು, ಬೀದಿಯ ಗೊಡವೆಯಿಲ್ಲ, ಒಂದು ಮಂಚ, ಒಂದು ಮೇಜು, ಮೇಜಿನ ಮೇಲೆ ಫೋನು. "ಆ ರೂಮಿನ ಸುದ್ದಿಗೆ ಯಾರಾದ್ರೂ ಬಂದ್ರೆ ಅವತ್ತೇ ನನ್ನ ತಂಗಿ ಮನೆಗೆ ಹೊರಟೆ ಅಂತ ತಿಳ್ಕೊಳ್ಳಿ" ಎಂದು ಮಗಳು ಅಳಿಯ ಇಬ್ಬರನ್ನೂ ಕೂರಿಸಿ ಹೇಳಿದ್ದೆ. ಮಗಳು ಕಣ್ಣು ಮೇಲೆ ಮಾಡಿದಳು. ಅಳಿಯ "ಹ್ಞೂ ಅತ್ತೆ" ಎಂದ.

ರೂಮಿನ ಪಕ್ಕದಲ್ಲೇ ಒಂದು ಗುಲ್‌ಮೊಹರ್ ಮರವಿದೆ. ಇತ್ತು ಎನ್ನಬೇಕು. ಅದರ ಒಂದು ದಪ್ಪ ಕೊಂಬೆ ಸರಿಯಾಗಿ ನನ್ನ ಶೀಟಿನ ಮೇಲೆ ಚಾಚಿಕೊಂಡಿತ್ತು. ಆ ಕೊಂಬೆ ಒಣಗಿತು. ಮೊದಲು ಎಲೆ ಹೋಯಿತು, ಆಮೇಲೆ ತೊಗಟೆ ಸುಲಿಯಿತು, ಆಮೇಲೆ ಕಡ್ಡಿಗಳು ಒಂದೊಂದಾಗಿ ಶೀಟಿನ ಮೇಲೆ ಟಪ್ಪೆಂದು ಬೀಳತೊಡಗಿದವು. ನಾನು ಕಾದೆ. ಊರಿನ ಒಣಕೊಂಬೆಯನ್ನೆಲ್ಲ ತೆಗೆಯುವ ಮನುಷ್ಯ ಮನೆಯ ಒಣಕೊಂಬೆಯನ್ನು ತೆಗೆಯದೆ ಇರುತ್ತಾನೆಯೇ? ಇದ್ದ. ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಬರುತ್ತಿದ್ದ, ಕೊಂಬೆ ನೋಡುತ್ತಿದ್ದ, ನನ್ನ ಬಾಗಿಲು ನೋಡುತ್ತಿದ್ದ, ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಿದ್ದ.

"ಅಳಿಯಂದ್ರೆ, ಆ ಕೊಂಬೆ" ಎಂದೆ ಒಂದು ದಿನ.

"ಹ್ಞೂ ಅತ್ತೆ."

"ಹ್ಞೂ ಅಂದ್ರೆ?"

"ನೋಡೋಣ ಅತ್ತೆ." ಇಷ್ಟು ಹೇಳಿ, ಗಾಡಿಯ ಟೈರಿಗೆ ಗಾಳಿ ಕಡಿಮೆಯಿದೆ ಎಂಬುದು ಆಗತಾನೇ ನೆನಪಾದವನಂತೆ ಓಡಿದ.

ಮಗಳದು ಇನ್ನೊಂದು ರಾಗ. "ಅಮ್ಮ, ಆ ರೂಮಲ್ಲಿ ಯಾಕೆ ಮಲಗ್ತೀಯ? ಒಳಗೆ ಬಂದ್ಬಿಡು." ವಾರಕ್ಕೊಮ್ಮೆ ಇದೇ ಮಾತು. ನನಗೆ ಮೂಗಿನ ಮೇಲೆ ಕೋಪ. ಜೊತೆಗೆ ಅವರ ಮಷೀನುಗಳಿಗೆ ಜಾಗವಿಲ್ಲ ಎಂಬುದು ನನಗೆ ಗೊತ್ತಿತ್ತು. ಗರಗಸದ ಮಷೀನುಗಳು ಅಡುಗೆಮನೆಯ ಮೂಲೆಯಲ್ಲಿ, ಹಗ್ಗಗಳು ಬಟ್ಟೆ ಒಣಗಿಸುವ ಜಾಗದಲ್ಲಿ. ನನ್ನನ್ನು ಎಬ್ಬಿಸಿ ರೂಮನ್ನು ಉಗ್ರಾಣ ಮಾಡಿಕೊಳ್ಳುವ ಹುನ್ನಾರ ಇದು ಎಂದು ಲೆಕ್ಕ ಹಾಕಿದೆ. ಸುಮ್ಮನೆ ಹೇಳಿದರೆ ಮುದುಕಿ ಏಳುವುದಿಲ್ಲ, ತಲೆಯ ಮೇಲೊಂದು ಕೊಂಬೆ ತೂಗಾಡುತ್ತಿದ್ದರೆ ತಾನೇ ಎದ್ದು ಹೋಗುತ್ತಾಳೆ. ಹೀಗೆ ಯೋಚಿಸುತ್ತ ಯೋಚಿಸುತ್ತ ರಾತ್ರಿಯೆಲ್ಲ ಶೀಟು ನೋಡುತ್ತ ಮಲಗಿರುತ್ತಿದ್ದೆ. ನಾನು ಇವರಿಗೆ ಬೇಡವಾದೆನೇ? ಯಾರನ್ನು ಕೇಳುವುದು? ಮಗಳನ್ನು ಕೇಳಿದರೆ ಅಳುತ್ತಾಳೆ. ಅಳಿಯನನ್ನು ಕೇಳಿದರೆ "ಹ್ಞೂ ಅತ್ತೆ" ಎಂದುಬಿಟ್ಟರೆ?

ಇದರ ನಡುವೆ ತಂಗಿಯ ಮೊಮ್ಮಗಳನ್ನು ನೋಡಲು ಹೋಗಿ ಕೆಲವು ದಿನ ಇದ್ದು ಬಂದೆ. ಬಂದು ನೋಡಿದರೆ ಹೊಸ ಹಗ್ಗ ನಾಪತ್ತೆ. ಕೆಂಪು ಹಗ್ಗ ಅದು, ಭಾರ ಹೊರುವಂಥದ್ದು. ಅಳಿಯ ಅದನ್ನು ಕೊಂಡು ತಂದ ದಿನ ಸುರುಳಿ ಬಿಚ್ಚಿ ಕೈಯಲ್ಲಿ ಸವರಿ ಸವರಿ ನೋಡಿದ್ದನ್ನು ನಾನೇ ಕಂಡಿದ್ದೆ. ನನ್ನ ಮಗಳನ್ನು ನೋಡಲು ಬಂದ ದಿನವೂ ಅವನ ಮುಖ ಅಷ್ಟು ಅರಳಿರಲಿಲ್ಲ.

"ಹಗ್ಗ ಎಲ್ರೀ?" ಎಂದು ಅಳಿಯನನ್ನು ಕೇಳಿದೆ.

"ಕೆಲಸದ ಮೇಲಿದೆ ಅತ್ತೆ."

ಕೆಲಸಕ್ಕೆ ಹೊರಟ ಗಾಡಿಯಲ್ಲಿ ಅದು ಕಾಣಲಿಲ್ಲ, ವಾಪಸು ಬಂದ ಗಾಡಿಯಲ್ಲೂ ಕಾಣಲಿಲ್ಲ. ಹಗ್ಗ ಮೆತ್ತಗಣ್ಣನ ಜವಾಬ್ದಾರಿ. ಅಂದಮೇಲೆ ಕಳೆದವನೂ ಅವನೇ. ದಿನಾ ಬೆಳಿಗ್ಗೆ ಗಾಡಿ ಹತ್ತುವ ಮುನ್ನ ಅವನಿಗೆ ನನ್ನಿಂದ ಮಂಗಳಾರತಿ. "ಒಂದು ಹಗ್ಗ ಕಾಯೋಕಾಗಲ್ಲ, ನಿನ್ನ ಕೈಗೆ ನನ್ನ ಅಳಿಯನ ಪ್ರಾಣ ಕೊಟ್ಟು ಕಳಿಸ್ತೀವಿ!" ಅವನು ತಲೆ ತಗ್ಗಿಸಿ ಕಾಲ್ಬೆರಳಲ್ಲಿ ನೆಲ ಕೆರೆಯುತ್ತಿದ್ದ. ಒಂದೇ ಒಂದು ಸಲ "ಸಿಗುತ್ತೆ ಅಮ್ಮ, ಮೆತ್ತಗೆ" ಎಂದ. ಆ ಮಾತಿಗೆ ಅವನಿಗೆ ಇನ್ನೊಂದು ಸುತ್ತು ಬಿತ್ತು.

ಕಟ್ಟೆ ಒಡೆದದ್ದು ಒಂದು ಮಧ್ಯಾಹ್ನ. ನಾನು ಫೋನಿನಲ್ಲಿ ಹೊಸ ಗಿರಾಕಿಯೊಬ್ಬಳಿಗೆ, ಒಣಕೊಂಬೆಯನ್ನು ಅಸಡ್ಡೆ ಮಾಡಬಾರದು, ಅದು ಯಾವ ಗಳಿಗೆಯಲ್ಲಿ ಏನು ಮಾಡುತ್ತದೆಂದು ಹೇಳಲಾಗದು ಎಂದು ನನ್ನ ಎಕ್ಸ್‌ಚೇಂಜಿನ ಇಂಪಾದ ದನಿಯಲ್ಲಿ ತಿಳಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಶೀಟಿನ ಮೇಲೆ ಧಡಾರ್ ಎಂದು ತೋಳುಗಾತ್ರದ ತುಂಡೊಂದು ಬಿತ್ತು.

"ಅಯ್ಯೋ, ಏನದು ಸದ್ದು?" ಎಂದಳು ಆಕೆ.

ಸುಳ್ಳು ಹೊಳೆಯಲಿಲ್ಲ. "ಏನಿಲ್ಲಮ್ಮ, ನಮ್ಮ ಆಫೀಸಿನ ಮೇಲೆ ಒಂದು ಒಣಕೊಂಬೆ ಬಿತ್ತು" ಎಂದುಬಿಟ್ಟೆ.

ಆಕೆ ಬಿಡಲಿಲ್ಲ. "ಮರ ಕತ್ತರಿಸೋರು ನೀವೇ ಅಲ್ವಾ?"

ಸರ್ವೀಸಿನಲ್ಲಿ ನಾನು ಯಾರ ಫೋನನ್ನೂ ಮಧ್ಯದಲ್ಲಿ ಇಟ್ಟವಳಲ್ಲ. ಅಂದು ಇಟ್ಟೆ. ಇಂಗು ತಿಂದ ಮಂಗನ ಹಾಗೆ ಮಂಚದ ಮೇಲೆ ಕುಳಿತೆ. ಆಮೇಲೆ ಒಂದು ಯೋಚನೆ ಬಂತು. ಅತ್ತೆ ಕೇಳಿದರೆ ಅಳಿಯ ಬಾಯಿ ಬಿಡುವುದಿಲ್ಲ. ಗಿರಾಕಿ ಕೇಳಿದರೆ?

ನನ್ನ ರೂಮಿನ ಹಿಂದೆ ಕಾಂಪೌಂಡಿಗೆ ಒಂದು ಹಸಿರು ಕಬ್ಬಿಣದ ಗೇಟಿದೆ. ಅದು ಹಿಂದಿನ ಓಣಿಗೆ ತೆರೆಯುತ್ತದೆ. ಕಸದ ಡಬ್ಬಿಗಳ ಓಣಿ, ನಮ್ಮವರು ಯಾರೂ ಆ ಕಡೆ ಹೋಗುವುದಿಲ್ಲ. ಗೇಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸಂಜೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು, ಬಾಯಿಗೆ ಬಂದದ್ದನ್ನೆಲ್ಲ ಬೈದು, ಅದನ್ನು ಸಡಿಲ ಮಾಡಿದೆ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಎಂದಿನಂತೆ ಆ ದಿನದ ಕೆಲಸ ಒಪ್ಪಿಸಿದೆ. "ಮೊದಲನೇದು ಹತ್ತಿರದಲ್ಲೇ. ನೀರಿನ ಟ್ಯಾಂಕು ದಾಟಿ ಎಡಕ್ಕೆ ತಿರುಗಿದ್ರೆ ಒಂದು ಸಣ್ಣ ಓಣಿ. ಹಸಿರು ಗೇಟು. ಗುಲ್‌ಮೊಹರ್ ಮರ, ಮಾಡಿನ ಮೇಲೆ ಒಣಕೊಂಬೆ. ವಯಸ್ಸಾದ ಹೆಂಗಸು. ಸ್ವಲ್ಪ ಜೋರು ಅಂತ ಕಾಣುತ್ತೆ, ಹುಷಾರು."

"ಹ್ಞೂ ಅತ್ತೆ" ಎಂದು ಅಳಿಯ ಹಳದಿ ಹೆಲ್ಮೆಟ್ಟು ಎತ್ತಿಕೊಂಡ.

ಗಾಡಿ ಮುಂದಿನ ಬೀದಿಯಿಂದ ಹೊರಟದ್ದೇ ತಡ, ನಾನು ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ತೂಗುಹಾಕಿಕೊಂಡು, ತಂಪು ಕನ್ನಡಕ ಏರಿಸಿ, ಹಿತ್ತಲ ಗೇಟಿನಾಚೆ ಓಣಿಯಲ್ಲಿ ಹೋಗಿ ನಿಂತೆ. ಗಾಡಿ ಟ್ಯಾಂಕು ಸುತ್ತಿಕೊಂಡು ಓಣಿಗೆ ನುಗ್ಗಿತು. ಮಗಳು ಬ್ರೇಕು ಒತ್ತಿ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಅಳಿಯ ಕೆಳಗಿಳಿದ. ಗೇಟು ನೋಡಿದ, ಮರ ನೋಡಿದ, ನನ್ನನ್ನು ನೋಡಿದ. ಅವನ ಮುಖದ ರಕ್ತವೆಲ್ಲ ಎಲ್ಲಿಗೋ ಇಳಿದುಹೋಯಿತು.

"ಅತ್ತೆ..."

"ಯಾರ್ರೀ ಅತ್ತೆ? ನಾನು ಗಿರಾಕಿ. ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಅಲ್ಲೊಬ್ರು ಇದ್ದಾರಲ್ಲ, ತುಂಬಾ ಚೆನ್ನಾಗಿ ಮಾತಾಡ್ತಾರೆ. ಅವರೇ ಕಳಿಸ್ತೀನಿ ಅಂದ್ರು."

ಮಗಳು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟುಬಿಟ್ಟಳು. ಹಾರನ್ನು ಒಂದೇ ಸಮನೆ ಕೂಗಿಕೊಂಡಿತು. ಮೆತ್ತಗಣ್ಣ ಓಡಿಹೋಗಿ ಅವಳ ತಲೆ ಎತ್ತಿ ಹಾರನ್ನು ನಿಲ್ಲಿಸಿದ.

ಅಳಿಯ ಅಲ್ಲೇ ನಿಂತಿದ್ದ. ಗೇಟಿನೊಳಗೆ ಹೋಗಲೋ, ಗಾಡಿ ಹತ್ತಿ ಓಡಿಹೋಗಲೋ ಎಂದು ಲೆಕ್ಕ ಹಾಕುತ್ತಿದ್ದನೆಂದು ಕಾಣುತ್ತದೆ. ಆಮೇಲೆ ನಿಧಾನವಾಗಿ ಗಾಡಿಯ ಹಿಂದಕ್ಕೆ ಹೋಗಿ ಕೊಡತಿ ತಂದ. "ಮರ ನೋಡ್ಬಹುದಾ ಮೇಡಂ?" ಎಂದ.

ಮೇಡಂ! ಮದುವೆಯಾದಾಗಿನಿಂದ ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ನಾನು ಗೇಟು ತೆರೆದೆ. ಅವನು ಒಳಗೆ ಹೋಗಿ ಮರದ ಸುತ್ತ ಒಂದು ಸುತ್ತು ಬಂದ. ಬಗ್ಗಿ ಬುಡಕ್ಕೆ ತಟ್ಟಿದ. ಟಕ್, ಟಕ್ ಎಂದಿತು. ಇನ್ನಷ್ಟು ಕೆಳಗೆ, ನನ್ನ ರೂಮಿನ ಕಡೆಯ ಮಗ್ಗುಲಲ್ಲಿ ತಟ್ಟಿದ. ಧಬ್ ಎಂದಿತು, ಖಾಲಿ ಡಬ್ಬಿಯ ಹಾಗೆ. ಸದ್ದಿನಲ್ಲೇ ಬದುಕು ಸವೆಸಿದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಎದ್ದು ನಿಂತು ಕಾಂಡದ ಮೇಲೆ ಅಂಗೈ ಇಟ್ಟ. ನನ್ನ ಮುಖವನ್ನು ನೇರವಾಗಿ ನೋಡಿದ.

"ಕೊಂಬೆ ಒಂದೇ ಆಗಿದ್ರೆ ಎಂದೋ ತೆಗೀತಿದ್ದೆ ಮೇಡಂ. ಬುಡ ಟೊಳ್ಳಾಗಿದೆ. ಇದರ ಮೇಲೆ ಮನುಷ್ಯ ಹತ್ತೋ ಹಾಗಿಲ್ಲ. ಕ್ರೇನು ತರಿಸಿ, ಅದರ ಬುಟ್ಟಿಯಲ್ಲಿ ನಿಂತು ಮರ ಪೂರ್ತಿ ಇಳಿಸ್ಬೇಕು. ಓಣಿಯಲ್ಲಿ ನಿಲ್ಲಿಸಿದ್ರೆ ಮೇಲೆಲ್ಲ ಕರೆಂಟಿನ ತಂತಿ. ಕ್ರೇನು ನಿಲ್ಲೋಕೆ ಅಂತ ಇರೋದು ಒಂದೇ ಜಾಗ." ಕೈ ಮರದ ಮೇಲಿಂದ ತೆಗೆಯಲಿಲ್ಲ. "ಈ ರೂಮಿರೋ ಜಾಗ. ರೂಮು ಬಿಚ್ಚಬೇಕಾಗುತ್ತೆ."

ಅವನ ಮುಖ ನೋಡಲಾಗದೆ ಕತ್ತೆತ್ತಿ ಮೇಲೆ ನೋಡಿದೆ. ಆ ಕೊಂಬೆಯನ್ನು ನಾನು ಅಷ್ಟು ದಿನ ನೋಡಿದ್ದು ರೂಮಿನ ಬಾಗಿಲಿನಿಂದ. ಓಣಿಯ ಕಡೆಯಿಂದ ನೋಡಿದ್ದು ಅದೇ ಮೊದಲು. ಕೊಂಬೆಯ ಬೆನ್ನಿಗೆ ಏನೋ ಕೆಂಪಗೆ ಸುತ್ತಿಕೊಂಡಿತ್ತು. ಅಲ್ಲಿಂದ ಬಿಗಿಯಾಗಿ ಎಳೆದುಕೊಂಡು ಹೋಗಿ ಪಕ್ಕದ ಮನೆಯ ಸಿಲ್ವರ್ ಓಕ್ ಮರದ ನೆತ್ತಿಯ ಕವಲಿಗೆ ಸೇರಿತ್ತು. ತಂಪು ಕನ್ನಡಕ ತೆಗೆದು ನೋಡಿದೆ.

"ಏನ್ರೀ ಅದು ಕೆಂಪಗೆ?"

ಮೆತ್ತಗಣ್ಣ ಕೆಮ್ಮಿದ.

"ಹಗ್ಗ ಮೇಡಂ" ಎಂದ ಅಳಿಯ. "ಈ ರೂಮಲ್ಲಿ ಒಬ್ರು ಮಲಗ್ತಾರೆ. ಅವರ ಮಗಳು ಎಷ್ಟು ಕರೆದ್ರೂ ಒಳಗೆ ಬರಲ್ಲ. ಅವರು ಊರಲ್ಲಿ ಇಲ್ದೇ ಇದ್ದಾಗ ಆ ಮರದಿಂದ ಬಂದು ಕಟ್ಟಿದೆ. ಕಡ್ಡಿ ಪಡ್ಡಿ ಬೀಳಬಹುದು. ಕೊಂಬೆ ಮುರಿದ್ರೆ ಆ ಕಡೆ ಹೋಗಿ ನೇತಾಡುತ್ತೆ, ಅವರ ಮೇಲೆ ಬೀಳಲ್ಲ. ಇರೋದ್ರಲ್ಲಿ ಗಟ್ಟಿ ಹಗ್ಗ ಅದೇ."

"ಅವರಿಗೇ ಹೇಳ್ಬಹುದಿತ್ತಲ್ಲ?" ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ರೂಮಿನ ಸುದ್ದಿ ಎತ್ತಿದ್ರೆ ತಂಗಿ ಮನೆಗೆ ಹೊರಟುಬಿಡ್ತೀನಿ ಅಂದಿದ್ದಾರೆ ಮೇಡಂ. ಹೇಳಿದ್ದನ್ನ ಮಾಡೋರು ಅವರು."

"ಹೋದ್ರೆ ಹೋಗ್ಲಿ ಬಿಡಿ. ನಿಮಗೇನು ನಷ್ಟ?"

ಅವನ ಹಣೆಯ ಕೆಂಪು ಗೆರೆಯ ಮೇಲೆ ಬೆವರು ಸಾಲುಗಟ್ಟಿತ್ತು. "ಹೋಗ್ಬಾರ್ದು ಮೇಡಂ" ಎಂದ. "ನಾನು ಮೇಲಿರೋವಾಗ ಮನೇಲಿ ಅವರಿದ್ದಾರೆ ಅಂತ ಒಂದು ಧೈರ್ಯ. ನಮ್ಮಮ್ಮ ಇದ್ದಿದ್ರೆ ಅವರ ಹತ್ರಾನೂ ಹೀಗೇ ಹೆದರ್ತಿದ್ದೆ ಅಂತ ಕಾಣುತ್ತೆ."

ನಾನು ಕೈಚೀಲದಲ್ಲಿ ಏನನ್ನೋ ಹುಡುಕಿದೆ. ಅದರಲ್ಲಿ ಏನೂ ಇರಲಿಲ್ಲ, ಸುಮ್ಮನೆ ಠೀವಿಗೆಂದು ತಂದದ್ದು. ಕಣ್ಣು ತುಂಬಿದ್ದು ಕಾಣಬಾರದೆಂದು ಮತ್ತೆ ತಂಪು ಕನ್ನಡಕ ಹಾಕಿಕೊಂಡೆ. ಅಷ್ಟು ತಿಂಗಳು ಈ ಮನುಷ್ಯ ನನ್ನನ್ನು ಓಡಿಸಲು ನೋಡುತ್ತಿದ್ದಾನೆಂದು ಹಲ್ಲು ಕಡಿಯುತ್ತಿದ್ದವಳು ನಾನು.

"ಇನ್ನೊಂದು ವಿಷ್ಯ ಮೇಡಂ" ಎಂದ ಅವನು. ಕೈ ಇನ್ನೂ ಮರದ ಮೇಲೇ ಇತ್ತು.

"ಏನು?"

"ಈ ಹೆಲ್ಮೆಟ್ಟು ತುಂಬಾ ಬಿಗಿ."

ಗಾಡಿಯೊಳಗೆ ಹಾರನ್ನು ಮತ್ತೊಮ್ಮೆ ಕೂಗಿತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಸೆಟೆದು ನಿಂತೆ. ಗಿರಾಕಿಗೂ ಒಂದು ಮರ್ಯಾದೆ ಇರುತ್ತದೆ. "ಸರಿ, ಮನೇಲಿ ಕೇಳಿ ಹೇಳ್ತೀನಿ" ಎಂದು ಅವನನ್ನು ಓಣಿಗೆ ಸಾಗಹಾಕಿ, ಒಳಗೆ ಬಂದು, ಅವರ ಮುಖಕ್ಕೇ ಗೇಟು ಹಾಕಿಕೊಂಡೆ.

ಗಾಡಿ ಸುತ್ತಿಕೊಂಡು ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ನಾನು ಕನ್ನಡಕ, ಕೈಚೀಲ ಎಲ್ಲ ಎತ್ತಿಟ್ಟು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಅಳಿಯ ಬಾಗಿಲಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತ.

"ಅಳಿಯಂದ್ರೆ, ಒಬ್ಬ ಮರದವನು ಬಂದಿದ್ದ. ರೂಮು ಬಿಚ್ಚಬೇಕು ಅಂತಾನೆ. ನೀವೇನಂತೀರಿ?"

ಅವನು ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿದ. "ಕೆಲಸ ಗೊತ್ತಿರೋನ ಹಾಗೆ ಕಾಣ್ತಾನೆ ಅತ್ತೆ."

"ನಾನೆಲ್ಲಿರೋದು ಹಾಗಾದ್ರೆ?"

ಅವನು ಮುಂದಿನ ಕೋಣೆಯ ಚಿಲಕ ತೆಗೆದು ಬಾಗಿಲು ತಳ್ಳಿದ. ಅದಕ್ಕೆ ಸದಾ ಚಿಲಕ ಹಾಕಿರುತ್ತಿತ್ತು. ಅವರ ಗುಜರಿ ತುಂಬಿದ್ದಾರೆಂದು ನಾನು ಅತ್ತ ಮೂಗು ತೂರಿಸಿರಲಿಲ್ಲ. ಒಳಗೆ ಮಂಚವಿತ್ತು, ಹಾಸಿಗೆಯಿತ್ತು. ಕಿಟಕಿಯ ಹತ್ತಿರ ಫೋನಿನ ಎತ್ತರಕ್ಕೆ ಸರಿಯಾಗಿ ಒಂದು ಹಲಗೆ ಹೊಡೆದಿತ್ತು. ಗೋಡೆಗೆ ನನಗೆ ಇಷ್ಟವಾದ ತಿಳಿ ಹಸಿರು ಬಣ್ಣ. ಗರಗಸದ ಮಷೀನುಗಳು ಅಡುಗೆಮನೆಯಲ್ಲಿ ಬಿದ್ದುಕೊಂಡಿದ್ದದ್ದು ಯಾಕೆಂದು ಆಗ ತಿಳಿಯಿತು.

"ನೀನು ಬರೋ ಮುಂಚೆನೇ ಮಾಡಿಸಿದ್ರು ಅಮ್ಮ" ಎಂದಳು ಮಗಳು ಹಿಂದಿನಿಂದ. "ನೀನು ನೋಡಿದ್ರೆ ಹಿತ್ತಲಲ್ಲೇ ಇರ್ತೀನಿ ಅಂದೆ. ಇವರು ಹ್ಞೂ ಅಂದ್ಬಿಟ್ರು."

ಇನ್ನು ಒಂದು ಕೆಲಸ ಬಾಕಿಯಿತ್ತು, ಎಲ್ಲಕ್ಕಿಂತ ಕಷ್ಟದ್ದು. ಕಾಫಿ ಮಾಡಿ, ದೊಡ್ಡ ಲೋಟದಲ್ಲಿ ತುಂಬಿಕೊಂಡು ಗಾಡಿಯ ಹತ್ತಿರ ಹೋದೆ. ಮೆತ್ತಗಣ್ಣ ನನ್ನನ್ನು ನೋಡಿದ್ದೇ ಅಭ್ಯಾಸಬಲದಿಂದ ತಲೆ ತಗ್ಗಿಸಿದ. ಕ್ಷಮೆ ಕೇಳಿ ನನಗೆ ರೂಢಿಯಿಲ್ಲ. ಸರ್ವೀಸಿನಲ್ಲಿ ಬಾಯಿಪಾಠ ಮಾಡಿಸಿದ್ದ ಒಂದೇ ಮಾತು ನನಗೆ ಗೊತ್ತಿದ್ದದ್ದು. "ತಪ್ಪು ನಂಬರಿಗೆ ಜೋಡಿಸಿದ್ದೆ. ದಯವಿಟ್ಟು ಕ್ಷಮಿಸಿ" ಎಂದೆ.

"ಇರ್ಲಿ ಅಮ್ಮ" ಎಂದು ಅವನು ಲೋಟಕ್ಕೆ ಕೈ ಚಾಚಿದ. ಕಾಫಿ ಅಂಚು ದಾಟಿ ತುಳುಕಿತು. "ಮೆತ್ತಗೆ, ಮೆತ್ತಗೆ" ಎಂದ.

ಕ್ರೇನು ಬರುವ ಹಿಂದಿನ ದಿನ ರೂಮಿನ ಶೀಟುಗಳನ್ನು ಮೆತ್ತಗಣ್ಣ ಒಂದೊಂದಾಗಿ ಇಳಿಸಿದ. ಗೋಡೆ ಒಡೆಯುವಾಗ ನಾನು ಆ ಕಡೆ ಹೋಗಲಿಲ್ಲ. ಸುಳ್ಳೇಕೆ, ದುಃಖವಾಯಿತು. ಮರುದಿನ ಅಳಿಯ ಕ್ರೇನಿನ ಬುಟ್ಟಿಯಲ್ಲಿ ನಿಂತು ಮೇಲೇರಿದ. ತಲೆಯ ಮೇಲೆ ಹೊಸ ಹೆಲ್ಮೆಟ್ಟು, ಅವನೇ ಅಂಗಡಿಗೆ ಹೋಗಿ ತಲೆಗೆ ಇಟ್ಟು ನೋಡಿ ತಂದದ್ದು. ಮೊದಲು ಕಟ್ಟಿದ ಕೊಂಬೆಯನ್ನು ತುಂಡು ತುಂಡಾಗಿ ತೆಗೆದ. ಕೊನೆಗೆ ಕೆಂಪು ಹಗ್ಗ ಬಿಚ್ಚಿ ಕೆಳಗೆ ಬಿಟ್ಟ. ಅದು ಮೆತ್ತಗಣ್ಣನನ್ನು ಬಿಟ್ಟು ನನ್ನ ಕಾಲ ಬುಡಕ್ಕೇ ಬಂದು ಬಿತ್ತು. ಬಿಸಿಲಿಗೆ ಒಂದು ಮಗ್ಗುಲು ಬಣ್ಣ ಹೋಗಿತ್ತು, ಒಂದು ಎಳೆಯೂ ಸವೆದಿರಲಿಲ್ಲ. ಯಾರ ಕೈಗೂ ಕೊಡದೆ ನಾನೇ ಸುರುಳಿ ಸುತ್ತಿದೆ. ಸಂಜೆಯ ಹೊತ್ತಿಗೆ ಬುಡ ಉರುಳಿದಾಗ ನೋಡಿದರೆ ಒಳಗೆ ನಾನು ಕುಳಿತುಕೊಳ್ಳುವಷ್ಟು ಜಾಗವಿತ್ತು.

ಈಗ ನನ್ನ ಫೋನು ಮುಂದಿನ ಕೋಣೆಯ ಕಿಟಕಿಯ ಹಲಗೆಯ ಮೇಲಿದೆ. ಅಳಿಯ ಎದುರಿಗೆ ಬಂದರೆ ಇನ್ನೂ "ಹ್ಞೂ ಅತ್ತೆ" ಎಂದೇ ಅನ್ನುವುದು. ಒಳಗಿನ ಮಾತೇನಾದರೂ ಇದ್ದರೆ ಹಿತ್ತಲಲ್ಲಿ ಉಳಿದಿರುವ ಆ ಗುಲ್‌ಮೊಹರ್ ಬೊಡ್ಡೆಯ ಹತ್ತಿರ ಕರೆದುಕೊಂಡು ಹೋಗಿ, ಅದರ ಮೇಲೆ ಕೈ ಇಡಿಸಿ ಕೇಳುತ್ತೇನೆ. ಪಲ್ಯಕ್ಕೆ ಖಾರ ಜಾಸ್ತಿಯಂತೆ. ಮೊದಲಿನಿಂದಲೂ.

ಮೊನ್ನೆ ಬೆಳಿಗ್ಗೆ ಒಬ್ಬ ಗಂಡಸಿನ ಫೋನು. ಒಣಕೊಂಬೆ. ಐದು ನಿಮಿಷದ ಕೆಲಸ ಅಷ್ಟೇ. ಮರ ತಬ್ಬಿದರೆ ಕೈ ಸೇರುತ್ತದೆಯೇ ಎಂದು ನಾನು ಕೇಳಲಿಲ್ಲ. ಇತ್ತೀಚೆಗೆ ನನ್ನ ಮೊದಲ ಪ್ರಶ್ನೆ ಬೇರೆ.

"ಆ ಕೊಂಬೆ ಕೆಳಗೆ ಯಾರಾದ್ರೂ ಮಲಗ್ತಾರಾ?"

ಆ ಕಡೆಯ ದನಿ ತಗ್ಗಿತು. "ನಮ್ಮತ್ತೆ ಮಲಗ್ತಾರೆ. ಒಳಗೆ ಬನ್ನಿ ಅಂದ್ರೆ ಕೇಳಲ್ಲ. ಅವರಿಗೆ ಹೇಳೋ ಧೈರ್ಯ ನನಗಿಲ್ಲ. ನೀವೇ ಬಂದು ಹೇಗಾದ್ರೂ..."

"ನಾವು ಬರೋದು ಆಮೇಲಿರ್ಲಿ" ಎಂದೆ. "ಮೊದಲು ಫೋನು ಅವರ ಕೈಗೆ ಕೊಡಿ."